ಬೀಳದ ಗೋಲು

ಕ್ಷೌರಿಕ ಅವನ ದಪ್ಪ ಮೀಸೆಯ ಬಲಭಾಗವನ್ನು ಕತ್ತರಿಸಿ ಮುಗಿಸಿ, ಎಡಭಾಗಕ್ಕೆ ಕತ್ತರಿ ಒಯ್ಯುವ ಬದಲು ಅದನ್ನು ಗಾಳಿಯಲ್ಲೇ ಹಿಡಿದು, "ಹೋದ ವಾರ ಆ ಪೆನಾಲ್ಟಿಗೆ ಯಾಕೆ ಸಾರ್ ಹಾಗಂದ್ರಿ?" ಎಂದು ಕೇಳಿದಾಗಲೇ ಇವತ್ತಿನ ದಿನ ನೆಟ್ಟಗಿರುವುದಿಲ್ಲ ಎಂದು ಅವನಿಗೆ ಅನ್ನಿಸಿತು. ತಾನು ಏನಂದಿದ್ದೆ ಎನ್ನುವುದೇ ಅವನಿಗೆ ನೆನಪಿರಲಿಲ್ಲ. ಟಿವಿಯಲ್ಲಿ ಫುಟ್‌ಬಾಲ್ ಕಾಮೆಂಟ್ರಿ ಹೇಳುವವನು ತಾನು ಹೇಳಿದ್ದನ್ನೆಲ್ಲ ನೆನಪಿಟ್ಟುಕೊಂಡರೆ ತಲೆ ಕೆಟ್ಟು ಹೋದೀತು. ಆ ಕೆಲಸವನ್ನು ಊರಿನವರೇ ಹಂಚಿಕೊಂಡು ಮಾಡುತ್ತಿದ್ದರು. ಕ್ಷೌರಿಕ ಹಳದಿ ತಂಡದ ಕಡೆಯವನು, ಅವನ ಕನ್ನಡಿಯ ನೆತ್ತಿಯ ಮೇಲೆ ಹಳದಿ ಬಾವುಟ. "ಚೆಂಡು ಕೈಗೆ ತಗುಲಿತು ಅಂದ್ರಿ. ತಗುಲಿದ್ದು ಭುಜಕ್ಕೆ. ನಿಮಗೆ ನೀಲಿಯವರ ಮೇಲೆ ಪ್ರೀತಿ ಅಂತ ನಮಗೇನು ಗೊತ್ತಿಲ್ವಾ?" ಪಕ್ಕದ ಕುರ್ಚಿಯಲ್ಲಿ ಮುಖದ ತುಂಬ ನೊರೆ ಬಳಿಸಿಕೊಂಡು ಕೂತಿದ್ದವನು ನೊರೆಯೊಳಗಿಂದಲೇ ಗುಡುಗಿದ. "ಪ್ರೀತಿನಾ? ನಮ್ಮ ನೀಲಿ ಹುಡುಗರು ಒಂದು ಪಾಸ್ ನೆಟ್ಟಗೆ ಕೊಟ್ರೆ ಇವರಿಗೆ ಹೊಟ್ಟೆನೋವು ಬರುತ್ತೆ ಕಣ್ರೀ. ಇವರು ಹಳದಿಯವರ ಮನೆಮಗ!" ಅವನು ಕನ್ನಡಿಯಲ್ಲಿ ಇಬ್ಬರನ್ನೂ ನೋಡಿ ಒಂದು ನಡುವಿನ ನಗೆ ನಕ್ಕ, ಯಾರಿಗೂ ಸೇರದ ನಗೆ. ಭುಜ ಎಲ್ಲಿ ಮುಗಿದು ಕೈ ಎಲ್ಲಿ ಶುರುವಾಗುತ್ತದೆ ಎಂಬ ವಿಷಯಕ್ಕೆ ಅವರಿಬ್ಬರಿಗೂ ಹತ್ತಿಕೊಂಡಿತು. ಮಾತಿನಲ್ಲಿ ಬಗೆಹರಿಯದೆ, ಸೋಪಿನ ಬಟ್ಟಲನ್ನೇ ಚೆಂಡು ಮಾಡಿಕೊಂಡು ಬೀದಿಗಿಳಿದರು. ನೊರೆಯವನು ನೆಗೆದ, ಕ್ಷೌರಿಕ ಎಸೆದ, ಹಾದಿಯಲ್ಲಿ ಹೋಗುವವರು ನಿಂತರು, ಪಕ್ಷ ಕಟ್ಟಿದರು. ಅವನು ಕೊರಳಿಗೆ ಬಟ್ಟೆ ಕಟ್ಟಿಸಿಕೊಂಡು ಕಾದೇ ಕಾದ. ಕೊನೆಗೆ ಬಟ್ಟೆಯನ್ನು ತಾನೇ ಬಿಚ್ಚಿ, ಮಡಿಸಿಟ್ಟು, ಬಲಕ್ಕೆ ಒಂದು ಮೀಸೆ ಎಡಕ್ಕೆ ಇನ್ನೊಂದು ಮೀಸೆ ಹೊತ್ತು ಹಿಂಬಾಗಿಲಿನಿಂದ ಹೊರಟ.

ಎರಡೂ ಕಡೆಯವರು ಬೈತಾರೆ ಅಂದ್ರೆ ನೀವು ಸರಿಯಾಗಿ ನಡುವೆ ನಿಂತಿದ್ದೀರಿ ಅಂತ ಅರ್ಥ ಎಂದು ಚಾನೆಲ್ಲಿನ ನಿರ್ಮಾಪಕಿ ಸಮಾಧಾನ ಹೇಳುತ್ತಿದ್ದಳು. ಎಷ್ಟೋ ದಿನ ಅವನು ಈ ಮಾತನ್ನೇ ಹೊದ್ದುಕೊಂಡು ಮಲಗಿದ್ದ. ಆದರೆ ಎರಡು ಮನೆಯಲ್ಲೂ ಕದಿಯುವವನನ್ನು ಎರಡು ಮನೆಯವರೂ ಬೈಯುತ್ತಾರಲ್ಲ, ಅವನೂ ನಡುವೆ ನಿಂತವನೇ ಏನು ಎಂದು ಈಗ ಫುಟ್‌ಪಾತಿನಲ್ಲಿ ಅಂಗೈಯಿಂದ ಮೀಸೆ ಮುಚ್ಚಿಕೊಂಡು ನಡೆಯುತ್ತ ಅವನಿಗೆ ಹೊಳೆಯಿತು, ಹೊಳೆದದ್ದಕ್ಕೆ ಬೇಸರವೂ ಆಯಿತು. ನೀಲಿಯವರ ಮ್ಯಾನೇಜರ್ ಅವನ ಹೆಂಡತಿಯ ಅಣ್ಣ. ಊರಿಗೆಲ್ಲ ಗೊತ್ತಿದ್ದ ಸಂಗತಿ. ಭಾವನಿಗೆ ಆ ಕೆಲಸ ಸಿಕ್ಕ ದಿನ ನಿರ್ಮಾಪಕಿ, "ನಿಮಗೆ ಮುಜುಗರ ಆಗಲ್ವಾ?" ಎಂದು ಕೇಳಿದ್ದಕ್ಕೆ ಅವನು ಎದೆಯುಬ್ಬಿಸಿ, "ಮೈಕ್ ಮುಂದೆ ನನಗೆ ನೆಂಟರಿಲ್ಲ" ಎಂದಿದ್ದ. ಆ ಮಾತು ಅವನಿಗೇ ಬಹಳ ಇಷ್ಟವಾಗಿಬಿಟ್ಟಿತು. ಅವತ್ತಿನಿಂದ ಅದನ್ನು ಉಳಿಸಿಕೊಳ್ಳಲು ಪಟ್ಟ ಪಾಡು ಅಷ್ಟಿಷ್ಟಲ್ಲ. ಭಾವ ಆಟಗಾರನನ್ನು ಬದಲಾಯಿಸಿದರೆ ಅವಸರ ಎಂದ, ಬದಲಾಯಿಸದಿದ್ದರೆ ಹಟ ಎಂದ. ನೀಲಿಯವರು ಗೆದ್ದರೆ ಅದೃಷ್ಟ, ಸೋತರೆ ಮ್ಯಾನೇಜರ್. ಒಮ್ಮೆ ಭಾವ ಗೆರೆಯಾಚೆ ನಿಂತು ಸುಮ್ಮನೆ ಆಕಳಿಸಿದ್ದಕ್ಕೆ, "ತಂಡದ ಸ್ಥಿತಿ ನೋಡಿ ಇವರಿಗೆ ನಿದ್ದೆ ಬರುತ್ತಿದೆ" ಎಂದು ಇಡೀ ದೇಶಕ್ಕೆ ಹೇಳಿಬಿಟ್ಟಿದ್ದ. ಭಾವ ಅವನೊಂದಿಗೆ ಮಾತು ಬಿಟ್ಟದ್ದು ಆ ಆಕಳಿಕೆಯ ನಂತರ. ಪತ್ರಿಕೆಯೊಂದು ಅವನನ್ನು ನ್ಯಾಯನಿಷ್ಠ ಎಂದು ಕರೆದಿತ್ತು. ಅದನ್ನು ಓದಿದ ಹೆಂಡತಿ ಅದೇ ಹಾಳೆಯಲ್ಲಿ ಕಿಟಕಿಯ ಗಾಜು ಒರೆಸಿದ್ದಳು.

ಅವಳು ಇವತ್ತು ಬೆಳಿಗ್ಗೆ ತಟ್ಟೆ ತೊಳೆಯುತ್ತ, ಬೆನ್ನು ತಿರುಗಿಸಿಯೇ, "ಇವತ್ತು ಹಳದಿಯವರಿಗೆ ಸೋತರೆ ಅಣ್ಣನ್ನ ತೆಗೀತಾರಂತೆ" ಎಂದಿದ್ದಳು. "ಗೊತ್ತು" ಎಂದ. "ಡ್ರಾ ಆದ್ರೂ ಉಳ್ಕೋತಾನೆ." "ಅದೂ ಗೊತ್ತು." "ತೆಗೆದ್ರೆ ಕ್ಲಬ್ಬಿನ ಮನೆ ಬಿಡಬೇಕು. ಇಲ್ಲಿಗೇ ಬರ್ತಾನೆ." ಅವನ ಗಂಟಲಿನಲ್ಲಿ ಬ್ರೆಡ್ಡಿನ ತುಂಡೊಂದು ಮುಂದಕ್ಕೂ ಹೋಗದೆ ಹಿಂದಕ್ಕೂ ಬಾರದೆ ಕೂತಿತ್ತು. ಅವಳು ನಲ್ಲಿ ನಿಲ್ಲಿಸಿ ತಿರುಗಿದಳು. "ನೀವು ಒಳ್ಳೆಯವರು ಅನ್ನಿಸ್ಕೋಬೇಕು. ಅದಕ್ಕೆ ಪ್ರತಿ ವಾರ ನಮ್ಮಣ್ಣನೇ ಬೇಕು ನಿಮಗೆ, ಅಲ್ವಾ?" ಈ ಮಾತಿಗೆ ಉತ್ತರವಿತ್ತು, ಒಳ್ಳೆಯ ಉತ್ತರವೇ ಇತ್ತು, ಆದರೆ ಬ್ರೆಡ್ಡು ಬಿಡಲಿಲ್ಲ.

ಭಾವನಿಗೆ ಮದುವೆಯಾಗಿಲ್ಲ, ಬೇರೆ ಮನೆಯಿಲ್ಲ. ಹಿಂದೊಮ್ಮೆ ಬೇರೊಂದು ತಂಡ ಅವನನ್ನು ಕಿತ್ತುಹಾಕಿದಾಗ, ಸ್ವಲ್ಪ ಸುಧಾರಿಸಿಕೊಂಡು ಹೋಗುತ್ತೇನೆ ಎಂದು ಸೂಟ್‌ಕೇಸ್ ಹಿಡಿದು ಬಂದವನು ಮುಂದಿನ ಸೀಸನ್ ಶುರುವಾಗುವ ತನಕ ಹಾಲ್‌ನ ಸೋಫಾ ಬಿಟ್ಟು ಏಳಲಿಲ್ಲ. ಸುಮ್ಮನಾದರೂ ಇದ್ದನೇ? ಬೆಳಿಗ್ಗೆ ಸೀಟಿ ಊದಿ ಮನೆಮಂದಿಯನ್ನು ಎಬ್ಬಿಸಿದ. ಬಚ್ಚಲಿಗೆ ಯಾರು ಮೊದಲು ಹೋಗಬೇಕೆಂದು ತಂಡ ಪ್ರಕಟಿಸಿದ. ಊಟದ ಮೇಜಿನ ಮೇಲೆ ಉಪ್ಪಿನ ಡಬ್ಬಿ, ಸಕ್ಕರೆ ಡಬ್ಬಿ, ಲೋಟಗಳನ್ನೆಲ್ಲ ಸಾಲಾಗಿ ಜೋಡಿಸಿ ರಕ್ಷಣೆ ಹೇಗೆ ಒಡೆಯಿತೆಂದು ವಿವರಿಸುವಾಗ ಮುಂಚೂಣಿಯಲ್ಲಿದ್ದ ಉಪ್ಪನ್ನು ಯಾರೂ ಮುಟ್ಟುವಂತಿರಲಿಲ್ಲ, ಎಲ್ಲರೂ ಸಪ್ಪೆ ಉಂಡರು. ತಂಗಿಯನ್ನು ಕ್ಯಾಪ್ಟನ್ ಮಾಡಿದ. ತಂಗಿಯ ಗಂಡನನ್ನು ಬೆಂಚಿಗೆ ಹಾಕಿದ. "ಏನಯ್ಯಾ ಕಾಮೆಂಟ್ರಿ, ನೀನು ಬರೀ ಬಾಯಿ. ಕಾಲು ಎಲ್ಲಿ?" ಎಂದು ಕೇಳಿ, ಅವನು ಅಡುಗೆಮನೆಗೆ ಚಹಾ ಮಾಡಲು ಹೋದಾಗೆಲ್ಲ, "ಇನ್ನೂ ನಿನ್ನ ಸರದಿ ಬಂದಿಲ್ಲ, ಕೂತ್ಕೋ" ಎಂದು ಕೂರಿಸಿದ. ಸ್ವಂತ ಮನೆಯಲ್ಲಿ, ಸ್ವಂತ ಕುರ್ಚಿಯಲ್ಲಿ, ಯಾವಾಗ ಒಳಗೆ ಕರೆಯುತ್ತಾರೋ ಎಂದು ಚಪ್ಪಲಿ ಹಾಕಿಕೊಂಡೇ ಕಾಯುತ್ತಿದ್ದ ಆ ಸಂಜೆಗಳನ್ನು ನೆನೆದರೆ ಅವನಿಗೆ ಈಗಲೂ ಕಿವಿ ಬಿಸಿಯಾಗುತ್ತದೆ. ಹಾಗಾಗಿ, ನ್ಯಾಯನಿಷ್ಠ ಎಂದು ಹೆಸರಾದ ಈ ಮನುಷ್ಯ ಚಾನೆಲ್ಲಿನ ಮೆಟ್ಟಿಲು ಹತ್ತುವಾಗ ಮನಸ್ಸಿನಲ್ಲಿ ಬೇಡುತ್ತಿದ್ದುದು ಒಂದೇ. ನೀಲಿಯವರು ಸೋಲಬಾರದು. ಭಾವ ಬರಬಾರದು. ಇಷ್ಟು ಹೊಲಸು ಕಾರಣಕ್ಕೆ ಯಾರಾದರೂ ಒಂದು ತಂಡದ ಪರ ಇದ್ದಾರೆಯೇ ಎಂದು ನಾಚಿಕೆಯಾಯಿತು. ನಾಚಿಕೆಯಾದರೂ ಬೇಡುವುದನ್ನು ನಿಲ್ಲಿಸಲಿಲ್ಲ.

ಕಾಮೆಂಟ್ರಿ ಹೇಳುವವರು ಮೈದಾನದಲ್ಲೇ ಕೂತಿರುತ್ತಾರೆ ಎಂದು ನೋಡುವವರು ನಂಬಿದ್ದರು. ಅವನು ಕೂರುತ್ತಿದ್ದುದು ಚಾನೆಲ್ಲಿನ ಮೊದಲ ಮಹಡಿಯ ಒಂದು ಗೂಡಿನಂಥ ಕೋಣೆಯಲ್ಲಿ, ಒಂದು ಪರದೆಯ ಮುಂದೆ. ಆಟ ನಡೆಯುವುದು ಇನ್ನೆಲ್ಲೋ, ದೂರದ ಊರಿನಲ್ಲಿ. ಚಿತ್ರ ಆಕಾಶ ಹತ್ತಿ ಇಳಿದು ಅವನ ಪರದೆಗೆ ಬರುವಷ್ಟರಲ್ಲಿ ಸ್ವಲ್ಪ ತಡವಾಗುತ್ತಿತ್ತು. ಆದರೆ ಕಿಟಕಿಯ ಕೆಳಗೆ ಗೇಟಿನ ಪಕ್ಕ ಕೂರುವ ಕಾವಲುಗಾರನ ರೇಡಿಯೋಗೆ ಆ ತಡ ಇರಲಿಲ್ಲ. ಕಾವಲುಗಾರ ನೀಲಿಯವರ ಭಕ್ತ. ನೀಲಿಯವರು ಗೋಲು ಹೊಡೆದರೆ 'ಹೋ' ಎಂದು ಕಿರುಚುತ್ತಿದ್ದ, ಹಳದಿಯವರು ಹೊಡೆದರೆ ರೇಡಿಯೋವನ್ನು ಫಟ್ಟನೆ ಬಡಿದು ಆರಿಸಿ, ಸಿಟ್ಟಿಳಿದ ಮೇಲೆ ಮತ್ತೆ ಹಾಕುತ್ತಿದ್ದ. ಸೆಕೆ ಎಂದು ನೆಪ ಹೇಳಿ ಕಾಮೆಂಟ್ರಿಯವನು ತನ್ನ ಕಿಟಕಿಯನ್ನು ಬೆರಳು ತೂರುವಷ್ಟು ತೆರೆದಿಡುತ್ತಿದ್ದ. ಕೆಳಗೆ ಹೋ ಎಂದರೆ ಸಾಕು, ಅವನು ಧ್ವನಿ ತಗ್ಗಿಸಿ, "ಯಾಕೋ ಏನೋ ಆಗುವ ಹಾಗಿದೆ..." ಎನ್ನುತ್ತಿದ್ದ, ಎಂದ ಮೇಲೆ ಪರದೆಯಲ್ಲಿ ಗೋಲಾಗುತ್ತಿತ್ತು. ಇವರಿಗೆ ಆಟದ ನಾಡಿ ಗೊತ್ತು ಎಂದು ಜನ ಹೊಗಳಿದರು. ಪಕ್ಕದಲ್ಲಿ ಕೂರುವ ಮಾಜಿ ಗೋಲ್‌ಕೀಪರ್ ಕೂಡ ಬೆರಗಾಗಿ ನೋಡುತ್ತಿದ್ದ. ಮಾಜಿ ಗೋಲ್‌ಕೀಪರನದು ಇನ್ನೊಂದು ಬಗೆಯ ಪಕ್ಷಪಾತ. ಯಾವ ತಂಡ ಹೊಡೆದರೂ ಅವನು ಗೋಲ್‌ಕೀಪರನ ಪರ. "ಪಾಪ, ಬಿಸಿಲು ಕಣ್ಣಿಗೆ ಬಿತ್ತು" ಎನ್ನುವನು, ಮೋಡ ಕವಿದಿದ್ದರೂ.

"ಮೀಸೆಗೆ ಏನಾಯ್ತು?" ಎಂದ ಮಾಜಿ ಗೋಲ್‌ಕೀಪರ್. "ಅರ್ಧ ವಿರಾಮ" ಎಂದು ಅವನು ಹೆಡ್‌ಫೋನ್ ಏರಿಸಿಕೊಂಡ. ಆಟ ಶುರುವಾದ ಕೂಡಲೆ ಅವನ ನಾಲಿಗೆ ಹಳೆಯ ಹಾದಿ ಹಿಡಿಯಿತು. ನೀಲಿಯವರ ರಕ್ಷಣೆ ಸಡಿಲ. ನೀಲಿಯವರ ಯೋಜನೆ ಅರ್ಥವಾಗುವುದಿಲ್ಲ. ಒಳಗೆ ಹೊಟ್ಟೆ ನೀಲಿಯವರ ಹಿಂದೆ ಓಡುತ್ತಿತ್ತು, ಬಾಯಿ ಅವರಿಗೆ ಅಡ್ಡಗಾಲು ಹಾಕುತ್ತಿತ್ತು. ಕ್ಯಾಮೆರಾ ಭಾವನನ್ನು ತೋರಿಸಿತು. ಭಾವ ಗೆರೆಯಾಚೆ ನಿಂತು ನೀರಿನ ಬಾಟಲಿಯ ಮುಚ್ಚಳ ತೆಗೆದು, ಹಾಕಿ, ತೆಗೆದು, ಕುಡಿಯುವುದನ್ನೇ ಮರೆತಿದ್ದ. ಮೊದಲ ಸಲ ಹೆಣ್ಣು ನೋಡಲು ಹೋದಾಗ ಬಾಗಿಲು ತೆರೆದದ್ದು ಇದೇ ಭಾವ. ಕಾಲಿನಿಂದ ತಲೆಯವರೆಗೆ ನೋಡಿ, "ಯಾವ ಪೊಸಿಷನ್ ಆಡ್ತೀಯ?" ಎಂದು ಕೇಳಿದ್ದ. ಆಡಲ್ಲ, ನೋಡ್ತೀನಿ ಎಂದದ್ದಕ್ಕೆ ಮುಖ ಗಂಟು ಹಾಕಿದ್ದ. ಆದರೂ ಮದುವೆಯ ದಿನ, ಎಲ್ಲ ಮುಗಿದ ಮೇಲೆ, ಯಾರೂ ಕಾಣದ ಹಾಗೆ ಅವನ ಜೇಬಿಗೆ ಒಂದು ಸೀಟಿ ತುರುಕಿ, "ಅವಳು ಬೈದರೆ ಇದನ್ನ ಊದು, ಓಡಿ ಬರ್ತೀನಿ" ಎಂದಿದ್ದ. ಇದನ್ನು ಇಷ್ಟು ದಿನ ಮರೆತದ್ದಾದರೂ ಹೇಗೆ ಎಂದು ಅವನು ಯೋಚಿಸುತ್ತಿದ್ದಂತೆ ಕೆಳಗೆ ರೇಡಿಯೋ ಫಟ್ ಎಂದು ಆರಿತು.

"ಹಳದಿಯವರ ಕಡೆಯಿಂದ ಏನೋ ಆಗುವ ಹಾಗಿದೆ" ಎಂದ. ಆಯಿತು. ಹಳದಿಯವರು ಒಂದು ಗೋಲಿಗೆ ಮುಂದೆ. "ಕೀಪರ್ ತಪ್ಪಿಲ್ಲ" ಎಂದ ಮಾಜಿ ಗೋಲ್‌ಕೀಪರ್. ವಿರಾಮವಾಯಿತು, ವಿರಾಮ ಮುಗಿಯಿತು, ಆಟ ಕೊನೆಗೆ ಬಂತು. ಬರೀ ಒಂದು ಗೋಲು ಸಾಕಿತ್ತು. ಅವನ ಮನಸ್ಸಿನಲ್ಲಿ ಸೋಫಾದ ಮೇಲೆ ಹಾಸು ಹಾಸಲಾಗುತ್ತಿತ್ತು. ಮನೆಯಲ್ಲಿ ಹೆಂಡತಿ ಟಿವಿಯ ದನಿ ಪೂರ್ತಿ ಇಳಿಸಿ, ಗಂಡನ ಬಾಯಿ ಇಲ್ಲದ ಆಟವನ್ನು ನೋಡುತ್ತಿರುತ್ತಾಳೆ. ಅವಳು ವರ್ಷಗಳಿಂದ ಹಾಗೇ ನೋಡುವುದು. ನೀಲಿಯ ಹುಡುಗನೊಬ್ಬ ಚೆಂಡು ಹಿಡಿದು ಅಂಚಿನಲ್ಲಿ ಓಡತೊಡಗಿದ. ಆಗ ಕಿಟಕಿಯ ಸಂದಿಯಿಂದ, ಕೆಳಗಿನಿಂದ, ಹಿಂದೆಂದೂ ಕೇಳದಷ್ಟು ಜೋರಾಗಿ, ಕಾವಲುಗಾರನ ಹೋ ಕೇಳಿಸಿತು.

ಏನೋ ಆಗುವ ಹಾಗಿದೆ ಎಂದು ಅವನು ಹೇಳಬೇಕಿತ್ತು. ಅಷ್ಟೇ ಹೇಳಿ ಸುಮ್ಮನಾಗಬೇಕಿತ್ತು. ಆದರೆ ಬೆಳಿಗ್ಗೆಯಿಂದ ಗಂಟಲಲ್ಲಿ ಕೂತದ್ದು ಏನಿತ್ತೋ ಅದು ಕಿತ್ತುಕೊಂಡು ಬಂದುಬಿಟ್ಟಿತು. ಅವನು ಕುರ್ಚಿಯಿಂದ ಎದ್ದ, ಹೆಡ್‌ಫೋನಿನ ತಂತಿ ಎಳೆದು ಮತ್ತೆ ಕೂರಿಸಿತು, ಕೂತುಕೊಂಡೇ ಕೂಗಿದ. "ಗೋಲ್! ಗೋಲ್! ಭಾವಾ, ಬಿತ್ತು! ಉಳ್ಕೊಂಡ್ರಿ ಭಾವಾ! ನನ್ನಪ್ಪಾ, ಉಳ್ಕೊಂಡ್ರಿ!" ಇಡೀ ದೇಶ ಕೇಳಿತು. ಪರದೆಯ ಮೇಲೆ ನೀಲಿಯ ಹುಡುಗ ತನ್ನ ಕಾಲಿಗೆ ತಾನೇ ತೊಡರಿ ಬಿದ್ದ. ಚೆಂಡು ಮೆಲ್ಲಗೆ, ಪೇಟೆಗೆ ಹೊರಟವರ ಹಾಗೆ, ಉರುಳಿಕೊಂಡು ಹಳದಿಯ ಗೋಲ್‌ಕೀಪರನ ಬಳಿಗೆ ಹೋಯಿತು. ಅವನು ಬಗ್ಗಿ ಎತ್ತಿಕೊಂಡ. "ಎಲ್ಲಿ?" ಎಂದ ಮಾಜಿ ಗೋಲ್‌ಕೀಪರ್, ಪರದೆಯ ಹಿಂದೆಯೂ ಇಣುಕಿ. "ಕೀಪರ್ ಕೈಯಲ್ಲೇ ಇದೆಯಲ್ಲ. ಎಷ್ಟು ಚೆನ್ನಾಗಿ ಹಿಡಿದ ನೋಡಿ."

ಅವನು ಬೆಪ್ಪಾಗಿ, ಕಿಟಕಿಯನ್ನು ಪೂರ್ತಿ ತೆರೆದು ಹೊರಗೆ ತಲೆ ಹಾಕಿ ಕೆಳಗೆ ನೋಡಿದ. ಕಾವಲುಗಾರ ಲಾಠಿ ಹಿಡಿದು ಬೀದಿಯ ತುದಿಯತ್ತ ಕೈ ತೋರಿಸುತ್ತಿದ್ದ. "ನಾಯಿ ಸಾರ್! ಊಟದ ಡಬ್ಬಿ ಕಚ್ಕೊಂಡು ಹೋಯ್ತು!"

ಸುದ್ದಿ ಮೈದಾನ ಮುಟ್ಟಲು ತಡವಾಗಲಿಲ್ಲ. ಫೋನು ಹಿಡಿದು ಆಟ ನೋಡುವವರು ಎಲ್ಲ ಕಡೆಯೂ ಇರುತ್ತಾರೆ. ಮೊದಲು ಹಳದಿಯವರು ನಿಂತ ಮೂಲೆಯಿಂದ ಒಂದು ರಾಗ ಎದ್ದಿತು: "ಭಾವಾ! ಬಿತ್ತಾ? ಭಾವಾ! ಬಿತ್ತಾ?" ಇವರು ಕೂಗಿದರೆ ಕಲ್ಲು ತೂರುವ ನೀಲಿಯವರಿಗೂ ಆ ರಾಗ ನಾಲಿಗೆಗೆ ಹಿಡಿಸಿಬಿಟ್ಟಿತು. ಅವರೂ ಸೇರಿಕೊಂಡರು. ಎರಡು ತಂಡದ ಜನ ಒಂದೇ ಮಾತನ್ನು ಒಟ್ಟಿಗೆ ಕೂಗಿದ್ದನ್ನು ಅವನು ತನ್ನ ಕೆಲಸದಲ್ಲಿ ಎಂದೂ ಕೇಳಿರಲಿಲ್ಲ. ಕ್ಯಾಮೆರಾ ಮತ್ತೆ ಭಾವನನ್ನು ತೋರಿಸಿತು. ಯಾಕೆ ಕೂಗುತ್ತಾರೆಂದು ಭಾವನಿಗೆ ಗೊತ್ತಿರಲಿಲ್ಲ. ಸೋಲುವ ಹೊತ್ತಿನಲ್ಲೂ ಎಲ್ಲರೂ ತನ್ನನ್ನು ನೆಂಟನಂತೆ ಕರೆಯುತ್ತಿದ್ದಾರೆ ಎಂದುಕೊಂಡನೋ ಏನೋ, ಒಂದು ಕ್ಷಣ ತಡೆದು, ಬಾಟಲಿ ಹಿಡಿದ ಕೈಯನ್ನು ಮೇಲೆತ್ತಿ ಬೀಸಿದ. ಜನ ಹೊಟ್ಟೆ ಹಿಡಿದು ನಕ್ಕರು. ಭಾವ ಇನ್ನೂ ಬೀಸುತ್ತಿದ್ದ. ಪರದೆಯ ಮುಂದೆ ಕೂತ ಅವನಿಗೆ ಆ ಕೈ ನೋಡಲಾಗಲಿಲ್ಲ. ಇಷ್ಟು ವರ್ಷ ಪ್ರತಿ ವಾರ ನ್ಯಾಯದ ಹೆಸರಿನಲ್ಲಿ ಮಾಡಿದ್ದು ಸಾಲದು ಎಂಬಂತೆ ಇವತ್ತು ಪ್ರೀತಿಯಿಂದಲೂ ಭಾವನ ಮಾನ ಕಳೆದೆನಲ್ಲ ಎಂದು ಸಂಕಟವಾಯಿತು. ಸೋಫಾ ಆಗ ಮನಸ್ಸಿನ ಹತ್ತಿರಕ್ಕೂ ಸುಳಿಯಲಿಲ್ಲ. ಅದಕ್ಕೇ ಅವನಿಗೆ ಭಯವಾಯಿತು. ಹಾಗಾದರೆ ಕುರ್ಚಿಯಿಂದ ಎದ್ದು ಕೂಗಿದವನು ಯಾರು?

ಕೊನೆಯ ಸೀಟಿ ಊದಿದರು. ನೀಲಿಯವರು ಸೋತರು. ಹಳದಿಯ ಮ್ಯಾನೇಜರ್ ಕೈ ಕುಲುಕಲು ಬಂದದ್ದಕ್ಕೆ ಭಾವ ಎರಡೂ ಕೈಗಳನ್ನು ಜೇಬಿಗಿಳಿಸಿ ಆಕಾಶ ನೋಡಿದ. ಸೋತಾಗ ಕೈ ಕುಲುಕದ ಅವನ ಹಳೆಯ ಚಾಳಿ ಬದಲಾಗಿರಲಿಲ್ಲ. ಆಟ ಮುಗಿದ ಮೇಲೆ ಸೋತ ಮ್ಯಾನೇಜರನ್ನು ಗೆರೆಯ ಬಳಿ ನಿಲ್ಲಿಸಿ ಕಿವಿಗೆ ಒಂದು ಯಂತ್ರ ಸಿಕ್ಕಿಸುವುದು, ಸ್ಟುಡಿಯೋದಲ್ಲಿ ಕೂತ ಕಾಮೆಂಟ್ರಿಯವನು ಪ್ರಶ್ನೆ ಕೇಳುವುದು ಚಾನೆಲ್ಲಿನ ಪದ್ಧತಿ. ಭಾವ ಇಂಥ ಹೊತ್ತಿನಲ್ಲಿ ಹುಲ್ಲನ್ನು, ಗಾಳಿಯನ್ನು, ರೆಫರಿಯ ಕನ್ನಡಕವನ್ನು, ಒಮ್ಮೆಯಂತೂ ಮೈದಾನದ ಮೇಲೆ ಹಾರಿದ ಹಕ್ಕಿಯನ್ನು ಬೈದು, ತಂಗಿಯ ಗಂಡನ ಪ್ರಶ್ನೆಗೆ ಉತ್ತರಿಸದೆಯೇ ಹೊರಟುಹೋಗುವವನು. "ಬೇರೆಯವರನ್ನ ಕೂರಿಸಲಾ?" ಎಂದಳು ನಿರ್ಮಾಪಕಿ ಕಿವಿಯಲ್ಲಿ. ಬೇಡ ಎಂದ. "ಹಾಗಾದ್ರೆ ಆಟದ ತಂತ್ರದ ಬಗ್ಗೆ ಕೇಳಿ. ದಮ್ಮಯ್ಯ, ತಟಸ್ಥವಾಗಿ ಕೇಳಿ."

ಪರದೆಯ ತುಂಬ ಭಾವನ ಮುಖ ಬಂತು. ಅಷ್ಟರಲ್ಲಿ ಯಾರೋ ಎಲ್ಲ ಹೇಳಿದ್ದರೆಂದು ಕಾಣುತ್ತದೆ, ಕಿವಿ ಎರಡೂ ಕೆಂಪಾಗಿದ್ದವು. "ಹೇಳಯ್ಯಾ ಕಾಮೆಂಟ್ರಿ" ಎಂದ, ವರ್ಷಗಳ ನಂತರ. "ಗೋಲ್ ಎಲ್ಲಿ ಬಿತ್ತು? ನಾನೂ ಹುಡುಕ್ತಾ ಇದ್ದೀನಿ." ಮಾಜಿ ಗೋಲ್‌ಕೀಪರ್ ಕೆಮ್ಮಿದ. ಮಧ್ಯ ಸಾಲಿಗೂ ರಕ್ಷಣಾ ಸಾಲಿಗೂ ನಡುವೆ ಬಿಟ್ಟ ಜಾಗದ ಬಗ್ಗೆ ಒಂದು ಚಂದದ ಪ್ರಶ್ನೆ ಕಾಮೆಂಟ್ರಿಯವನ ಬಳಿ ಸಿದ್ಧವಿತ್ತು. ಆದರೆ ಇಷ್ಟು ಹತ್ತಿರದಿಂದ ಅವನು ಭಾವನನ್ನು ನೋಡಿ ಬಹಳ ದಿನವಾಗಿತ್ತು. ತುಟಿ ಒಣಗಿ ಬಿರಿದಿತ್ತು. ಜಾಕೆಟ್ಟಿನ ಜಿಪ್ಪು ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಕೆನ್ನೆಯ ಎಲುಬು ಎದ್ದಿತ್ತು.

"ಭಾವ, ಊಟ ಆಯ್ತಾ?" ಎಂದ.

ಕಿವಿಯಲ್ಲಿ ನಿರ್ಮಾಪಕಿ, "ಅಯ್ಯೋ" ಎಂದಳು. ಭಾವ ಕ್ಯಾಮೆರಾವನ್ನು ದಿಟ್ಟಿಸಿದ, ಬೈಯಲು ಬಾಯಿ ತೆರೆದ, ಮುಚ್ಚಿದ. "ಇಲ್ಲ" ಎಂದ. "ಬೆಳಿಗ್ಗೆಯಿಂದ ಏನೂ ಗಂಟಲಲ್ಲಿ ಇಳೀತಿಲ್ಲ."

"ನನಗೂ."

"ಈಗ ತಾನೆ ಬಂದು ಹೇಳಿದ್ರು. ನಾಳೆಯಿಂದ ಬರೋದು ಬೇಡವಂತೆ." ಭಾವ ತೋಳಿನಿಂದ ಮೂಗು ಒರೆಸಿಕೊಂಡ. ಹುಲ್ಲಿನ ಬಗ್ಗೆ ಏನೂ ಹೇಳಲಿಲ್ಲ. "ಹಳದಿಯವರು ಚೆನ್ನಾಗಿ ಆಡಿದ್ರು. ನಮ್ಮ ಹುಡುಗರದ್ದು ತಪ್ಪಿಲ್ಲ. ಆಡಿಸೋಕೆ ನನಗೇ ಬರಲಿಲ್ಲ." ಸೋತವನು ಹೀಗೆ ಹೇಳಿದರೆ ಗೆದ್ದವರ ಗದ್ದಲವೂ ಅಡಗುತ್ತದೆ. ಹಿಂದೆ ಕೂಗುತ್ತಿದ್ದ ಹಳದಿಯವರು ಒಬ್ಬೊಬ್ಬರಾಗಿ ಸುಮ್ಮನಾದದ್ದು ಅವನ ಹೆಡ್‌ಫೋನಿಗೂ ಕೇಳಿಸಿತು.

"ಮನೆಗೆ ಬನ್ನಿ" ಎಂದ. ಹೇಳಿದ ಮೇಲೆ ಸೀಟಿ, ಬಚ್ಚಲಿನ ತಂಡ, ಮುಟ್ಟಬಾರದ ಉಪ್ಪು ಎಲ್ಲ ಒಟ್ಟಿಗೆ ಕಣ್ಣೆದುರು ಬಂದವು. ಆದರೂ ಮಾತು ನಿಲ್ಲಲಿಲ್ಲ. "ಸೋಫಾ ಬೇಡ, ನಿಮ್ಮ ಸೊಂಟಕ್ಕೆ ಆಗಲ್ಲ. ನಮ್ಮ ರೂಮಲ್ಲಿ ಮಲಗಿ. ಹಾಲ್‌ನಲ್ಲಿ ನಾವು ಮಲಗ್ತೀವಿ. ಎಷ್ಟು ದಿನ ಬೇಕಾದ್ರೂ ಇರಿ."

"ಸಾಕು, ಜಾಹೀರಾತಿಗೆ ಹೋಗೋಣ" ಎಂದಳು ನಿರ್ಮಾಪಕಿ. ಹೋಗುವ ಗುಂಡಿ ಅವಳ ಕೈಯಲ್ಲೇ ಇತ್ತು, ಅವಳು ಒತ್ತಲಿಲ್ಲ.

ಭಾವ ತಲೆ ಬಗ್ಗಿಸಿ ಸಿಕ್ಕಿಕೊಂಡ ಜಿಪ್ಪನ್ನು ಎಳೆದ. ಅದು ಬರಲಿಲ್ಲ. "ಇಷ್ಟು ವರ್ಷದಲ್ಲಿ ಒಂದೇ ಒಂದು ಸಲ ನನ್ನ ಪರ ಬಾಯಿ ಬಿಟ್ಟೆ ನೋಡು" ಎಂದ. "ಅದೂ ಇಲ್ಲದ ಗೋಲಿಗೆ."

ಅವನು ಮೈಕನ್ನು ಬಾಯಿಯ ಹತ್ತಿರಕ್ಕೆ, ಇನ್ನೂ ಹತ್ತಿರಕ್ಕೆ ಎಳೆದುಕೊಂಡ. ಕ್ಷೌರಿಕನಿಗೂ ನೊರೆಯವನಿಗೂ ಹೆಂಡತಿಗೂ, ಟಿವಿಯ ದನಿ ಏರಿಸಿಕೊಂಡವರಿಗೂ ಇಳಿಸಿಕೊಂಡವರಿಗೂ ಸ್ಪಷ್ಟವಾಗಿ ಕೇಳಲಿ ಎನ್ನುವಂತೆ, ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.

"ಬೀಳಬೇಕಿತ್ತು ಭಾವ. ಬೀಳಲೇಬೇಕಿತ್ತು."